ಇಂಜಿನ್ ಗಾಲಿ ಜಾರಿದರೆ ಹಳಿಯಲ್ಲಿ ಗುಂಡಿ ಬೀಳುತ್ತಾ?

ಗೇಟ್‌ಪಕ್ಕ

ನಾನು ದಿನಾ ದಾಟುವ ಲೆವೆಲ್ ಕ್ರಾಸಿಂಗ್ ಹತ್ತಿರ ಹಳಿ ಸ್ವಲ್ಪ ಏರು. ಮೂರು ತಿಂಗಳ ಹಿಂದೆ ಒಂದು ಬೆಳಗ್ಗೆ ತುಂತುರು ಮಳೆ. ಉದ್ದನೆಯ ಗೂಡ್ಸ್ ಗಾಡಿಯೊಂದು ಸಿಗ್ನಲ್ ಸಿಗದೆ ನಿಂತಿತ್ತು. ಇಂಜಿನ್ ಸರಿಯಾಗಿ ನನ್ನ ಮುಂದೆಯೇ ಇತ್ತು. ಹಸಿರು ಬಿತ್ತು, ಇಂಜಿನ್ ಸದ್ದು ಏರಿತು, ಗಾಡಿ ಮಾತ್ರ ಕದಲಲಿಲ್ಲ. ಗಾಲಿಗಳು ನಿಂತಲ್ಲೇ ಗಿರ್ರನೆ ತಿರುಗತೊಡಗಿದವು. ಕೆಳಗೆ ಕಿಡಿ, ಮೂಗಿಗೆ ಸುಟ್ಟ ಕಬ್ಬಿಣದ ವಾಸನೆ. ಹತ್ತು ಹನ್ನೆರಡು ಸೆಕೆಂಡ್ ಹಾಗೇ ನಡೆಯಿತು. ಡ್ರೈವರ್ ಬಿಟ್ಟರು, ಮತ್ತೆ ಎಳೆದರು. ಮೂರನೇ ಸಲಕ್ಕೆ ಗಾಡಿ ಹೊರಟಿತು.

ಈಗ ವಿಷಯಕ್ಕೆ ಬರುತ್ತೇನೆ. ಅದೇ ಜಾಗದಲ್ಲಿ ಈಗ ಯಾವ ರೈಲು ಹೋದರೂ ಟಕ್, ಟಕ್, ಟಕ್ ಅನ್ನುತ್ತದೆ. ಅಲ್ಲಿ ಹಳಿಗೆ ಜಾಯಿಂಟ್ ಇಲ್ಲ. ಗೇಟ್ ದಾಟುವಾಗ ಬಗ್ಗಿ ನೋಡಿದೆ. ಹಳಿಯ ತಲೆಯ ಮೇಲೆ ಮೊಟ್ಟೆಯಾಕಾರದ ತಗ್ಗು, ನನ್ನ ಅಂಗೈಯಷ್ಟು ಉದ್ದ. ಎದುರಿನ ಹಳಿಯಲ್ಲೂ ಅದೇ ನೇರಕ್ಕೆ ಇನ್ನೊಂದು. ಎರಡಕ್ಕೂ ಸಂಬಂಧ ಇದೆಯಾ? ಅಷ್ಟು ಗಟ್ಟಿ ಉಕ್ಕು ಹತ್ತು ಸೆಕೆಂಡಿನಲ್ಲಿ ಹೀಗಾಗುತ್ತಾ?

ಜಲ್ಲಿ ಸುತ್ತಿಗೆ

ಆಗುತ್ತದೆ. ಅದಕ್ಕೆ ನಾವು ವೀಲ್ ಬರ್ನ್ ಅನ್ನುತ್ತೇವೆ. ಎರಡೂ ಹಳಿಯಲ್ಲಿ ಎದುರುಬದುರು ಇದೆ ಅಂದಿರಲ್ಲ, ಅನುಮಾನವೇ ಬೇಡ. ಎರಡು ಗಾಲಿ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ. ತಿರುಗಿದರೆ ಜೊತೆಗೇ ತಿರುಗಬೇಕು, ಸುಟ್ಟರೆ ಜೊತೆಗೇ ಸುಡಬೇಕು. ಸ್ವಲ್ಪ ಮುಂದೆ, ಸುಮಾರು ಎರಡು ಮೀಟರ್ ದೂರದಲ್ಲಿ, ಇನ್ನೊಂದು ಜೊತೆ ಇದೆಯಾ ನೋಡಿ. ಇದ್ದರೆ ಬೋಗಿಯ (ಇಂಜಿನ್ ಕೆಳಗೆ ಗಾಲಿಗಳನ್ನು ಹಿಡಿದಿರುವ ಚೌಕಟ್ಟು) ಮುಂದಿನ ಆಕ್ಸಲ್‌ದು. ಗುಂಡಿಗಳ ನಡುವಿನ ಅಂತರ ನೋಡಿಯೇ ಯಾವ ಜಾತಿಯ ಇಂಜಿನ್ ಸುಟ್ಟಿದ್ದು ಅಂತ ಊಹಿಸಬಹುದು. ನೋಡೋದು ರಸ್ತೆಯಲ್ಲಿ ನಿಂತು ಮಾತ್ರ, ಟೇಪ್ ಹಿಡಿದು ಹಳಿಗೆ ಇಳಿಯಬೇಡಿ.

ಎಂಟನೇ ನಾಚ್

ನಾನು ಇಂಜಿನ್ ಓಡಿಸಿ ನಿವೃತ್ತನಾದವನು. ಡ್ರೈವರ್ ಪರವಾಗಿ ಮೊದಲು ಒಂದು ಮಾತು, ಆಮೇಲೆ ಬೈಯುತ್ತೇನೆ.

ಗಾಲಿ ಹಳಿಯನ್ನು ಮುಟ್ಟುವುದು ಒಂದು ಸಣ್ಣ ನಾಣ್ಯದಷ್ಟು ಜಾಗದಲ್ಲಿ. ಒಂದೊಂದು ಗಾಲಿಯ ಮೇಲೆ ಹತ್ತು ಟನ್ ಭಾರ. ಇಡೀ ಗಾಡಿಯನ್ನು ಎಳೆಯುವುದು ಅಂಥ ಹನ್ನೆರಡು ನಾಣ್ಯಗಳ ಹಿಡಿತ, ಅಷ್ಟೇ. ಒಣ ಹಳಿಯಲ್ಲಿ ಇಂಜಿನ್ ತನ್ನ ತೂಕದ ಮೂರನೇ ಒಂದು ಭಾಗದಷ್ಟು ಬಲ ಹಾಕಬಹುದು. ಹಳಿ ಒದ್ದೆಯಾದರೆ ಐದನೇ ಒಂದು ಭಾಗ. ಎಲೆ ಅಂಟಿದ ಹಳಿಯಾದರೆ ಹತ್ತನೇ ಒಂದು ಭಾಗವೂ ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಇಂಜಿನ್ 120 ಟನ್. ಇಂಜಿನ್ ಸೇರಿ ಗಾಡಿ 2000 ಟನ್. ಏರು ನೂರಕ್ಕೆ ಒಂದು. ಏರಿಗೇ 20 ಟನ್ ಬಲ ಬೇಕು. ನಿಂತ ಗಾಡಿಯನ್ನು ಕದಲಿಸಲು ಟನ್ನಿಗೆ ಐದು ಕಿಲೋ ಅಂತ ಹಿಡಿದರೆ ಇನ್ನೊಂದು 10 ಟನ್. ಒಟ್ಟು 30. ಒಣ ಹಳಿಯಲ್ಲಿ 40 ಸಿಗುತ್ತದೆ, ಆರಾಮ. ಒದ್ದೆ ಹಳಿಯಲ್ಲಿ 24. ಮುಗೀತು ಕಥೆ. ಮೋಟಾರಿಗೆ ಶಕ್ತಿ ಇದೆ, ಗಾಲಿಗೆ ಹಿಡಿತ ಇಲ್ಲ.

ಜೋರು ಮಳೆಗಿಂತ ತುಂತುರೇ ಕೆಟ್ಟದ್ದು. ಜೋರು ಮಳೆ ಹಳಿಯನ್ನು ತೊಳೆದುಬಿಡುತ್ತದೆ. ತುಂತುರು ಹಾಗಲ್ಲ, ಹಳಿಯ ಮೇಲಿನ ತುಕ್ಕು, ಧೂಳು, ಎಣ್ಣೆ ಎಲ್ಲವನ್ನೂ ಕಲಸಿ ಲೇಪ ಮಾಡಿಡುತ್ತದೆ. ಬೆಳಗಿನ ಮಂಜೂ ಹೀಗೇ. ಅಂಥ ಏರಿನಲ್ಲಿ ಆ ಗಾಡಿಯನ್ನು ನಿಲ್ಲಿಸಿದ ಸಿಗ್ನಲ್‌ಗೂ ಪಾಪದಲ್ಲಿ ಪಾಲಿದೆ.

ಈಗ ಬೈಗುಳ. ಹತ್ತು ಸೆಕೆಂಡ್! ಎರಡನೇ ಸೆಕೆಂಡಿಗೇ ಕೈ ಹಿಂದೆ ಬರಬೇಕಿತ್ತು.

ಪುಟ್ಟ ರೈಲು

ನಂದು ಆಟಿಕೆ ರೈಲು ಕಟ್ಟುವ ಹವ್ಯಾಸ, ದೊಡ್ಡ ರೈಲಿನ ಬಗ್ಗೆ ಗೊತ್ತಿಲ್ಲ. ಒಂದು ಪೆದ್ದು ಪ್ರಶ್ನೆ. ಉಜ್ಜಿಕೊಂಡದ್ದು ಗಾಲಿ, ಹಳಿ ಎರಡೂ ಅಲ್ವಾ? ಹಳಿಗೆ ಮಾತ್ರ ಗುಂಡಿ ಯಾಕೆ? ಗಾಲಿ ಏನೂ ಆಗದಂತೆ ಹೊರಟುಹೋಯಿತಲ್ಲ.

ಜಲ್ಲಿ ಸುತ್ತಿಗೆ

ಪೆದ್ದು ಪ್ರಶ್ನೆ ಅಲ್ಲ, ಇದೇ ಮುಖ್ಯ ಪ್ರಶ್ನೆ. ನಮ್ಮ ಗ್ಯಾಂಗಿಗೆ ಹೊಸದಾಗಿ ಬಂದವರಿಗೆ ನಾನು ಇದನ್ನೇ ಕೇಳುತ್ತೇನೆ.

ಗಾಲಿಯ ಅಂಚು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಜಾರುತ್ತಿದೆ ಅಂತಿಟ್ಟುಕೊಳ್ಳಿ. ಹನ್ನೆರಡು ಸೆಕೆಂಡಿಗೆ 60 ಮೀಟರ್ ಉಜ್ಜಾಟ. ಗಾಡಿ ನಿಂತಿದೆ. ಹಾಗಾಗಿ ಹಳಿಯ ಮೇಲಿನ ಆ ಒಂದೇ ಜಾಗ 60 ಮೀಟರನ್ನೂ ಒಂಟಿಯಾಗಿ ತಿನ್ನುತ್ತದೆ. ಗಾಲಿಯ ಕಡೆ ನೋಡಿ. ಅದರ ಸುತ್ತಳತೆ ಮೂರೂವರೆ ಮೀಟರ್ ಹತ್ತಿರ. ಅಷ್ಟು ಹೊತ್ತಿಗೆ ಹದಿನೇಳು ಹದಿನೆಂಟು ಸುತ್ತು ತಿರುಗಿತು. ಗಾಲಿಯ ಯಾವುದೇ ಒಂದು ಜಾಗ ಸುತ್ತಿಗೊಮ್ಮೆ ಬಂದು, ಒಂದು ಸೆಂಟಿಮೀಟರ್ ಚಿಲ್ಲರೆ ಉಜ್ಜಿಕೊಂಡು, ಮೇಲೆ ಹೋಗಿ ಗಾಳಿ ತೆಗೆದುಕೊಳ್ಳುತ್ತದೆ. ಒಟ್ಟು ಒಂದು ಗೇಣು. ಹಳಿಗೆ 60 ಮೀಟರ್, ಗಾಲಿಗೆ ಒಂದು ಗೇಣು. ಯಾರಿಗೆ ಗುಂಡಿ ಬೀಳಬೇಕು ಹೇಳಿ.

ಬ್ರೇಕ್ ಹಾಕಿದಾಗ ಗಾಲಿ ಕಚ್ಚಿಕೊಂಡು ಜಾರಿದರೆ ಇದು ತಿರುಗುಮುರುಗು. ಗಾಡಿ ಓಡುತ್ತಿದೆ, ಗಾಲಿ ತಿರುಗುತ್ತಿಲ್ಲ. ಆಗ ಗಾಲಿಯ ಒಂದೇ ಜಾಗ ಪೂರ್ತಿ ಉಜ್ಜಿಸಿಕೊಂಡು ಚಪ್ಪಟೆಯಾಗುತ್ತದೆ, ಹಳಿಗೆ ಹಂಚಿಹೋಗುತ್ತದೆ. ರೈಲಿನಲ್ಲಿ ಕೂತಾಗ ಕಾಲ ಕೆಳಗೆ ಒಂದೇ ಸಮನೆ ಟಪ ಟಪ ಟಪ ಕೇಳಿಸುತ್ತದಲ್ಲ, ಅದು ಆ ಚಪ್ಪಟೆ ಗಾಲಿ. ಅದನ್ನು ಶೆಡ್ಡಿಗೆ ಒಯ್ದು ಲೇತಿಗೆ ಹಾಕಬಹುದು. ಹಳಿಯನ್ನು ಎಲ್ಲಿಗೆ ಒಯ್ಯೋಣ?

ಪುಟ್ಟ ರೈಲು

ಅಬ್ಬಾ, ಒಂದು ಗೇಣು! ಈಗ ತಲೆಗೆ ಹೋಯಿತು.

ಉಕ್ಕಿನ ಮೇಷ್ಟ್ರು

ಸುತ್ತಿಗೆಯವರ ಲೆಕ್ಕಕ್ಕೆ ನಾನು ಬಿಸಿ ಸೇರಿಸುತ್ತೇನೆ. ಹತ್ತು ಟನ್ ಭಾರದ ಗಾಲಿ ಜಾರುವಾಗ ಹಿಡಿತ ಶೇಕಡಾ 15ಕ್ಕೆ ಇಳಿದಿದೆ ಅಂತ ಹಿಡಿಯಿರಿ. ಆಗಲೂ ಒಂದೂವರೆ ಟನ್ ಘರ್ಷಣೆ. ಸೆಕೆಂಡಿಗೆ 5 ಮೀಟರ್ ವೇಗಕ್ಕೆ ಅದು ಸುಮಾರು 75 ಕಿಲೋವ್ಯಾಟ್, ಅಂದರೆ ನೂರು ಅಶ್ವಶಕ್ತಿ. ಅಷ್ಟೂ ಶಾಖವಾಗಿ ಒಂದು ನಾಣ್ಯದಗಲ ಜಾಗದಲ್ಲಿ ಹುಟ್ಟುತ್ತದೆ. ಒಂದು ಪಾಲು ಗಾಲಿಗೆ ಹೋಗುತ್ತದೆ ನಿಜ. ಆದರೆ ಹಳಿಯ ಪಾಲಿಗೆ ಬಂದದ್ದು ಒಂದೇ ಜಾಗದಲ್ಲಿ ಕೂರುತ್ತದೆ.

ಈ ಕಥೆಯಲ್ಲಿ ಸವೆತವೇ ದೊಡ್ಡ ತೊಂದರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಹಳಿಯ ಉಕ್ಕಿನಲ್ಲಿ ಇಂಗಾಲ ಶೇಕಡಾ 0.7ರಿಂದ 0.8ರ ಸುಮಾರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಸ್ತಕದ ಹಾಳೆ ಜೋಡಿಸಿಟ್ಟ ಹಾಗೆ ಪದರ ಪದರ. ಆ ರಚನೆಯ ಹೆಸರು ಪರ್ಲೈಟ್. ಗಟ್ಟಿಯೂ ಹೌದು, ಏಟು ತಿಂದರೆ ತಾಳಿಕೊಳ್ಳುತ್ತದೆ ಕೂಡ. ಬಿಸಿ 720 ಡಿಗ್ರಿ ದಾಟಿದರೆ ಈ ಪದರಗಳು ಕರಗಿ ಬೇರೆ ರಚನೆಯಾಗುತ್ತದೆ. ಉಕ್ಕು ಇನ್ನೂ ಘನವೇ, ಒಳಗಿನ ಜೋಡಣೆ ಮಾತ್ರ ಬದಲು. ಗಾಲಿ ಅಲ್ಲಿಂದ ಕದಲಿತು. ಕೆಂಪಗಾದದ್ದು ಮೇಲಿನ ತೆಳು ಪದರ. ಕೆಳಗಿರುವುದು ತಣ್ಣನೆಯ ದಪ್ಪ ಉಕ್ಕು, ಮೀಟರಿಗೆ 60 ಕಿಲೋ ತೂಗುವಂಥದ್ದು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಸಿಯನ್ನು ಹೀರಿಬಿಡುತ್ತದೆ.

ಕಮ್ಮಾರರು ಕೆಂಪಗೆ ಕಾಸಿದ ಉಳಿಯನ್ನು ನೀರಿಗೆ ಅದ್ದುತ್ತಾರಲ್ಲ, ಅದೇ ಕೆಲಸ ನೀರಿಲ್ಲದೆ ಆಯಿತು. ಹುಟ್ಟಿದ್ದು ಮಾರ್ಟೆನ್ಸೈಟ್. ಮೂಲ ಹಳಿಗಿಂತ ಎರಡು ಪಟ್ಟಿಗೂ ಜಾಸ್ತಿ ಗಡಸು, ಗಾಜಿನ ಹಾಗೆ ಪೆಡಸು. ಅರ ಹಾಕಿ ಉಜ್ಜಿದರೆ ಪಕ್ಕದ ಹಳಿ ಪುಡಿ ಬಿಡುತ್ತದೆ, ಸುಟ್ಟ ಜಾಗದ ಮೇಲೆ ಅರ ಕಿರ್ ಅಂತ ಜಾರುತ್ತದೆ. ಪಾಲಿಶ್ ಮಾಡಿ ಆಮ್ಲ ಹಚ್ಚಿದರೆ ಉಳಿದದ್ದೆಲ್ಲ ಕಪ್ಪಾಗಿ ಇದೊಂದು ಬೆಳ್ಳಗೆ ಉಳಿಯುತ್ತದೆ. ಅದಕ್ಕೇ ಪ್ರಯೋಗಾಲಯದಲ್ಲಿ ಇದನ್ನು ಬಿಳಿ ಪದರ ಅನ್ನುತ್ತಾರೆ.

ಇಂಥ ಗಾಜಿನ ತುಣುಕಿನ ಮೇಲೆ ಮುಂದಿನ ರೈಲಿನ ಹತ್ತು ಟನ್ ಗಾಲಿ ಹತ್ತುತ್ತದೆ. ಬಿರುಕು ಬಿಡದೆ ಇನ್ನೇನು?

ಕೊಂಕು ಮಾತು

ಎಲ್ಲ ಸರಿ, ಆದರೆ ಇದು ಹಳೇ ಕಾಲದ ಕಥೆ ಅಲ್ವಾ? ಈಗಿನ ಇಂಜಿನ್‌ಗಳಲ್ಲಿ ಮೂರು ಫೇಸ್ ಮೋಟಾರ್, ಕಂಪ್ಯೂಟರ್ ಎಲ್ಲ ಇದೆ. ಗಾಲಿ ಜಾರಿದರೆ ಅದೇ ಹಿಡಿಯುತ್ತದೆ. ಡ್ರೈವರ್ ಸುಮ್ನೆ ಕೂತರೆ ಸಾಕು. ಸುಮ್ನೆ ಹೆದರಿಸಬೇಡಿ.

ಎಂಟನೇ ನಾಚ್

ಅರ್ಧ ನಿಜ ಹೇಳಿದ್ದೀರಿ. ಹಳೇ ಡಿಸಿ ಸೀರೀಸ್ ಮೋಟಾರಿನ ಗುಣವೇ ಕೆಟ್ಟದ್ದು. ಹೊರೆ ಕಡಿಮೆಯಾದರೆ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತದೆ. ಎರಡು ಮೂರು ಮೋಟಾರ್ ಸಾಲಾಗಿ ಜೋಡಿಸಿದ್ದರೆ ಇನ್ನೂ ಕಷ್ಟ, ಜಾರಿದ ಮೋಟಾರೇ ಉಳಿದವರ ಪಾಲಿನ ವೋಲ್ಟೇಜನ್ನೂ ಎಳೆದುಕೊಳ್ಳುತ್ತದೆ. ಮಿತಿ ಮೀರಿ ತಿರುಗಿ ಒಳಗಿನ ಸುರುಳಿಗಳೆಲ್ಲ ಕಿತ್ತು ಹಕ್ಕಿಗೂಡಿನ ಹಾಗೆ ಆದ ಮೋಟಾರನ್ನು ನಾನೇ ಶೆಡ್ಡಿನಲ್ಲಿ ನೋಡಿದ್ದೇನೆ. ಮೂರು ಫೇಸ್ ಮೋಟಾರ್ ಹಾಗಲ್ಲ. ಕೊಟ್ಟ ಆವರ್ತನಕ್ಕಿಂತ ಮೇಲೆ ಹಾರಲು ಹೋದರೆ ಅದರ ಎಳೆತ ತಾನೇ ಬಿದ್ದುಹೋಗುತ್ತದೆ. ನಿಂತಲ್ಲೇ ಹತ್ತು ಸೆಕೆಂಡ್ ಗಿರ್ರನ್ನುವುದು ಅಂಥ ಇಂಜಿನ್‌ನಲ್ಲಿ ಅಪರೂಪ.

ಆದರೂ ಆಗುತ್ತದೆ. ಎಲ್ಲ ಆಕ್ಸಲ್ ಒಟ್ಟಿಗೇ ಜಾರಿದರೆ ಕಂಪ್ಯೂಟರ್ ಯಾವುದನ್ನು ನೋಡಿ ನಿಜವಾದ ವೇಗ ಕಂಡುಹಿಡಿಯಬೇಕು? ಅದಕ್ಕೇ ಕೆಲವು ಇಂಜಿನ್‌ಗಳ ಹೊಟ್ಟೆಯ ಕೆಳಗೆ ನೆಲದ ವೇಗ ನೋಡುವ ರಾಡಾರ್ ಇಟ್ಟರು.

ಇನ್ನೊಂದು ವಿಷಯ. ಪೂರ್ತಿ ಜಾರದೇ ಇರುವುದೂ ಒಳ್ಳೆಯದಲ್ಲ. ಗಾಲಿಯ ಹಿಡಿತ ಗರಿಷ್ಠ ಸಿಗುವುದು ಅದು ಒಂದೆರಡು ಶೇಕಡಾ ಜಾರುತ್ತಿರುವಾಗ. ನೆಲದ ವೇಗ ಗಂಟೆಗೆ 20 ಕಿಲೋಮೀಟರ್ ಇದ್ದರೆ ಗಾಲಿಯ ಅಂಚು 20.3ರಲ್ಲಿ ತಿರುಗುತ್ತಿರಬೇಕು. ಹೊಸ ಇಂಜಿನ್‌ಗಳು ಬೇಕೆಂದೇ ಈ ಅಂಚಿನಲ್ಲಿ ಓಡುತ್ತವೆ.

ಉಕ್ಕಿನ ಮೇಷ್ಟ್ರು

ಅಲ್ಲೇ ಹೊಸ ತಲೆನೋವು, ಕೊಂಕು ಅವರೇ. ಮೊದಲು ಒಂದು ಜಾಗದಲ್ಲಿ ದೊಡ್ಡ ಗಾಯ ಆಗುತ್ತಿತ್ತು. ಈಗ ನೂರಾರು ಮೀಟರ್ ಉದ್ದಕ್ಕೆ ಚರ್ಮ ಸುಟ್ಟ ಹಾಗೆ, ಕೂದಲೆಳೆಗಿಂತ ತೆಳುವಾದ ಬಿಳಿ ಪದರ ಕಾಣಿಸಿಕೊಳ್ಳುತ್ತದೆ. ಇಂಜಿನ್‌ಗಳು ಜೋರಾಗಿ ಎಳೆಯುವ ಕಡೆ, ಅಂದರೆ ಸಿಗ್ನಲ್ ದಾಟಿದ ಮೇಲೆ, ನಿಲ್ದಾಣದಿಂದ ಹೊರಡುವಲ್ಲಿ, ಏರಿನಲ್ಲಿ. ಆ ಪದರದಿಂದ ಸಣ್ಣ ಬಿರುಕು ಶುರುವಾಗಿ ಮೇಲ್ಮೈ ಕುಸಿಯುತ್ತದೆ. ಇಂಥ ದೋಷಕ್ಕೆ ಸ್ಟಡ್ ಅಂತ ಹೆಸರು. ನೋಡಲು ಸ್ಕ್ವಾಟ್ (ಗಾಲಿಗಳ ಒತ್ತಡಕ್ಕೆ ಹಳಿಯ ಮೇಲ್ಮೈ ದಣಿದು ಬಿಡುವ ಬಿರುಕು) ತರಹವೇ ಇರುವುದರಿಂದ ಬಹಳ ಕಾಲ ಎರಡನ್ನೂ ಒಂದೇ ಅಂದುಕೊಂಡಿದ್ದರು. ಸ್ಕ್ವಾಟ್ ಬೆಳೆದರೆ ಹಳಿ ಮುರಿಯಬಹುದು, ಸ್ಟಡ್ ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ. ಆದರೆ ಗ್ರೈಂಡಿಂಗ್ ಖರ್ಚು ತಪ್ಪುವುದಿಲ್ಲ.

ಕೊಂಕು ಮಾತು

ಒಪ್ಪಿದೆ. ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಲ್ಲಿ 2000ರಲ್ಲಿ ಹಳಿ ಒಡೆದು ರೈಲು ಉರುಳಿತಲ್ಲ, ಅದೂ ಇಂಜಿನ್ ಜಾರಿ ಸುಟ್ಟ ಜಾಗವಾ?

ಜಲ್ಲಿ ಸುತ್ತಿಗೆ

ಅಲ್ಲ. 2000ದ ಅಕ್ಟೋಬರ್ 17ರ ಅಪಘಾತ ಅದು, ನಾಲ್ಕು ಜನ ಸತ್ತರು. ತಿರುವಿನಲ್ಲಿ ಗಾಲಿಗಳು ಮತ್ತೆ ಮತ್ತೆ ಒತ್ತಿ ಹಳಿಯ ಒಳಮೂಲೆ ದಣಿದು ಬಿಟ್ಟ ಬಿರುಕುಗಳು. ಹಳಿ ಮುನ್ನೂರಕ್ಕೂ ಜಾಸ್ತಿ ಚೂರಾಯಿತು. ಹುಟ್ಟು ಬೇರೆ. ಆದರೆ ಒಂದು ವಿಷಯ ಇಲ್ಲೂ ಹಾಗೇ. ಬಿರುಕು ಮೇಲಿನಿಂದ ಮಾಮೂಲಾಗಿ ಕಾಣುತ್ತದೆ, ಒಳಗೆ ಎಷ್ಟು ಇಳಿದಿದೆ ಅಂತ ಕಣ್ಣಿಗೆ ತಿಳಿಯುವುದಿಲ್ಲ.

ವೀಲ್ ಬರ್ನ್‌ನಲ್ಲಿ ನನಗೆ ಅತಿ ಭಯ ಇದರದ್ದೇ. ಮೊದಲು ಬಿರುಕು ಮೇಲ್ಮೈ ಕೆಳಗೆ ಹಾಸಿಗೆ ಹಾಸಿದ ಹಾಗೆ ಮಲಗುತ್ತದೆ. ಆಮೇಲೆ ಅದರಿಂದ ಒಂದು ಕವಲು ಕೆಳಕ್ಕೆ ಇಳಿಯುತ್ತದೆ. ಅಲ್ಟ್ರಾಸಾನಿಕ್ ಯಂತ್ರ ಮೇಲಿನಿಂದ ಶಬ್ದ ಕಳಿಸಿದರೆ ಮಲಗಿದ ಬಿರುಕಿಗೇ ಬಡಿದು ವಾಪಸ್ ಬರುತ್ತದೆ. ಅದರ ನೆರಳಿನಲ್ಲಿ ಇಳಿಯುತ್ತಿರುವ ಅಪಾಯದ ಬಿರುಕು ತೆರೆಯ ಮೇಲೆ ಕಾಣುವುದೇ ಇಲ್ಲ. ಚಳಿಗಾಲದಲ್ಲಿ ಉದ್ದನೆಯ ಬೆಸುಗೆ ಹಳಿ ಕುಗ್ಗಲು ನೋಡುತ್ತದೆ, ಎರಡೂ ಕಡೆಯಿಂದ ಎಳೆತ. ಒಂದು ನಸುಕಿನಲ್ಲಿ ಟಣ್ ಅಂತ ಬಿಟ್ಟುಕೊಳ್ಳುತ್ತದೆ.

ಅಲ್ಲಿಯವರೆಗೂ ಸುಮ್ಮನಿರುವುದಿಲ್ಲ. ಗುಂಡಿಗೆ ಬಿದ್ದ ಪ್ರತಿ ಗಾಲಿಯೂ ಸುತ್ತಿಗೆ ಏಟು. ಹಳಿ ಕೂರುವ ಅಡ್ಡ ತೊಲೆ, ಅಂದರೆ ಕೆಳಗಿನ ಸ್ಲೀಪರ್ ಅದುರುತ್ತದೆ, ಜಲ್ಲಿ ತಿಕ್ಕಾಡಿ ಹಿಟ್ಟಾಗುತ್ತದೆ. ಸ್ಲೀಪರ್ ಕೆಳಗೆ ಟೊಳ್ಳು ಬಿದ್ದು ಅದು ಹಳಿಗೇ ಜೋತಾಡುತ್ತದೆ. ಆಗ ಏಟು ಇನ್ನೂ ಜೋರು. ಮಳೆಗಾಲದಲ್ಲಿ ಅಂಥ ಸ್ಲೀಪರ್ ಪಕ್ಕ ಬಿಳಿ ಕೆಸರು ಚಿಮ್ಮಿರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಪುಟ್ಟ ರೈಲು

ಉಗಿ ಇಂಜಿನ್‌ನಲ್ಲಿ ಇದಿರಲಿಲ್ವಾ? ವೀಡಿಯೊಗಳಲ್ಲಿ ಹೊರಡುವಾಗ ಛಕ್‌ಛಕ್‌ಛಕ್ ಅಂತ ಗಾಲಿ ಹಾರುವುದನ್ನು ನೋಡಲು ಏನು ಚೆಂದ!

ಎಂಟನೇ ನಾಚ್

ನೋಡುವವರಿಗೆ ಚೆಂದ. ಪಿಸ್ಟನ್ ತಳ್ಳುವ ಬಲ ಒಂದು ಸುತ್ತಿನೊಳಗೇ ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಹೆಚ್ಚಿದ ಗಳಿಗೆಯಲ್ಲಿ ಜಾರುತ್ತದೆ. ಜೊತೆಗೆ ಗಾಲಿಗೆ ಕೂಡಿಸಿದ ತೂಕದ ಗಟ್ಟಿ, ಜಾಸ್ತಿ ವೇಗದಲ್ಲಿ ತಿರುಗಿದರೆ, ಮೇಲೆ ಬಂದಾಗ ಗಾಲಿಯನ್ನು ಎತ್ತಿ, ಕೆಳಗೆ ಬಂದಾಗ ಹಳಿಗೆ ಅಪ್ಪಳಿಸುತ್ತದೆ.

1994ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಡರ್ಹಾಮ್ ನಿಲ್ದಾಣದಲ್ಲಿ ಬ್ಲೂ ಪೀಟರ್ ಅನ್ನುವ ಉಗಿ ಇಂಜಿನ್, ನಂಬರ್ 60532, ಹೊರಡುವಾಗ ಜಾರಿತು. ಬಾಯ್ಲರ್ ನೀರು ಉಗಿಯ ಜೊತೆ ನುಗ್ಗಿ, ಉಗಿ ಬಿಡುವ ರೆಗ್ಯುಲೇಟರ್ ಮುಚ್ಚಲು ಆಗಲಿಲ್ಲ. ಗಾಡಿ ಹೆಚ್ಚುಕಡಿಮೆ ನಿಂತಲ್ಲೇ ಇತ್ತು, ಗಾಲಿಗಳು ಮಾತ್ರ ಗಂಟೆಗೆ 140 ಮೈಲಿ ವೇಗ ಮುಟ್ಟಿದವಂತೆ. ಸಿಲಿಂಡರ್ ಮುಚ್ಚಳ ಒಡೆದವು, ಸಲಾಕೆಗಳು ಬಾಗಿದವು. ಅದನ್ನು ನೆನೆದರೆ ನನ್ನ ಕೈ ತಾನಾಗಿ ಥ್ರಾಟಲ್ ಮುಚ್ಚಲು ಹೋಗುತ್ತದೆ.

ಗೇಟ್‌ಪಕ್ಕ

ಮತ್ತೆ ಡ್ರೈವರ್ ಏನು ಮಾಡಬೇಕಿತ್ತು ಸರ್? ಮರಳು ಇರುತ್ತದೆ ಅಂತ ಕೇಳಿದ್ದೆ.

ಎಂಟನೇ ನಾಚ್

ಇರುತ್ತದೆ. ಗಾಲಿಯ ಮುಂದೆ ಹಳಿಗೇ ಬೀಳುವ ಹಾಗೆ ಪೈಪು. ಒಣಗಿಸಿದ, ಜರಡಿ ಹಿಡಿದ ಮರಳು ಬೇಕು. ತೇವ ಹತ್ತಿದರೆ ಪೈಪಿನಲ್ಲೇ ಗಂಟಾಗುತ್ತದೆ. ಎಷ್ಟೋ ಸಲ ಬಟನ್ ಒತ್ತಿದರೆ ಗಾಳಿ ಮಾತ್ರ ಬುಸ್ ಅನ್ನುತ್ತದೆ, ಮರಳು ಬರುವುದಿಲ್ಲ. ಡ್ಯೂಟಿ ಶುರುವಿನಲ್ಲೇ ಇಳಿದು ಪೈಪಿನ ಬಾಯಿ ನೋಡಿಕೊಳ್ಳಬೇಕು, ಚಳಿಯಲ್ಲಿ ಯಾರಿಗೆ ಬೇಕು ಅಂತ ಬಿಟ್ಟರೆ ಹೀಗೆ.

ಮರಳು ಹಾಕಬೇಕಾದದ್ದು ಜಾರುವ ಮೊದಲು. ಗಿರ್ರನೆ ತಿರುಗುತ್ತಿರುವ ಗಾಲಿ ಕೆಳಗೆ ಮರಳು ಸುರಿದರೆ ಅದು ಒಮ್ಮೆಗೇ ಹಿಡಿಯುತ್ತದೆ. ಆ ಜಗ್ಗಿಗೆ ಗೇರ್ ಹಲ್ಲೋ ಕಪ್ಲಿಂಗೋ ಹೋಗುತ್ತದೆ. ಹಾಗಂತ ದಾರಿಯುದ್ದಕ್ಕೂ ಸುರಿಯುವ ಹಾಗೂ ಇಲ್ಲ. ಮರಳು ವಿದ್ಯುತ್ ಬಿಡುವುದಿಲ್ಲ. ಹಳಿಯ ಮೇಲೆ ದಪ್ಪಗೆ ಕೂತರೆ, ಗಾಡಿ ಎಲ್ಲಿದೆ ಅಂತ ಹಳಿಯಲ್ಲಿ ಹರಿಯುವ ವಿದ್ಯುತ್ತಿನಿಂದ ತಿಳಿಯುವ ಟ್ರ್ಯಾಕ್ ಸರ್ಕ್ಯೂಟ್‌ಗೆ ಗಾಡಿ ಅಲ್ಲಿದೆ ಅಂತಲೇ ತಿಳಿಯದೆ ಹೋಗಬಹುದು.

ಸುಲಭದ ಕ್ರಮ ಅಂದರೆ, ಥ್ರಾಟಲ್ ಮುಚ್ಚು, ಗಾಲಿ ನಿಲ್ಲಲಿ, ಮರಳು ಬಿಡು, ಒಂದೊಂದೇ ನಾಚ್ (ಥ್ರಾಟಲ್‌ನ ಮೆಟ್ಟಿಲು) ಏರಿಸು. ಎರಡು ಸಲ ನೋಡಿ ಆಗದಿದ್ದರೆ ಹಿಂದಿನಿಂದ ತಳ್ಳಲು ಇನ್ನೊಂದು ಇಂಜಿನ್ ಕೇಳು.

ಹೇಳುವುದು ಸುಲಭ, ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿ ಆರನೇ ವರ್ಷ. ಹಿಂದೆ ಪ್ಯಾಸೆಂಜರ್ ಕಾಯುತ್ತಿದೆ, ಕಂಟ್ರೋಲ್‌ನವರು ಯಾಕೆ ನಿಂತಿದ್ದೀ ಅಂತ ಕಿವಿ ತಿನ್ನುತ್ತಿದ್ದಾರೆ. ಇನ್ನೊಂದು ಇಂಜಿನ್ ಕೇಳಿದರೆ ನಾಚಿಕೆ. ವೀಲ್ ಸ್ಲಿಪ್ ದೀಪ ಉರಿಯುತ್ತಲೇ ಇತ್ತು, ನಾನು ಈಗ ಹಿಡಿಯುತ್ತದೆ, ಈಗ ಹಿಡಿಯುತ್ತದೆ ಅಂತ ಎಳೆದೆ. ಗಾಡಿ ಹೊರಟಿತು, ಖುಷಿಪಟ್ಟೆ. ಮರುವಾರ ಅಲ್ಲಿ 30 ಕಿಲೋಮೀಟರ್ ವೇಗಮಿತಿಯ ಬೋರ್ಡ್ ನೆಟ್ಟಿದ್ದರು. ನಾನೇ ಸುಟ್ಟ ಜಾಗದಲ್ಲಿ ನಾನೇ ನಾಲ್ಕು ತಿಂಗಳು ನಿಧಾನ ಹೋದೆ.

ಜಲ್ಲಿ ಸುತ್ತಿಗೆ

ಅಣ್ಣಾ, ಆ ನಾಲ್ಕು ತಿಂಗಳಲ್ಲಿ ಬೋರ್ಡ್ ಪಕ್ಕ ನಿಂತು ನಿಮ್ಮನ್ನು ನಮ್ಮಂಥವರು ಎಷ್ಟು ಬೈದಿರುತ್ತೇವೋ!

ರಿಪೇರಿ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಸಣ್ಣ ಗಾಯವಾದರೆ ಗ್ರೈಂಡ್ ಮಾಡಿ ತೆಗೆಯಬಹುದು. ಆಳ ಇದ್ದರೆ ಸುಟ್ಟ ಉಕ್ಕನ್ನೂ ಬಿರುಕನ್ನೂ ಪೂರ್ತಿ ಕೆರೆದು ಹಾಕಿ, ವೆಲ್ಡ್ ತುಂಬಿ, ಮತ್ತೆ ತಲೆಯ ಆಕಾರಕ್ಕೆ ಉಜ್ಜಬೇಕು. ತುಂಬುವ ಮೊದಲು ಹಳಿಯನ್ನು 350 ಡಿಗ್ರಿ ಸುಮಾರಿಗೆ ಬಿಸಿ ಮಾಡಲೇಬೇಕು. ರೈಲು ಬರುವ ಹೊತ್ತಾಯಿತು ಅಂತ ಅದನ್ನು ಬಿಟ್ಟರೆ ತಣ್ಣನೆಯ ಹಳಿ ವೆಲ್ಡಿನ ಬಿಸಿಯನ್ನೂ ಹೀರಿಕೊಳ್ಳುತ್ತದೆ. ಅಂದರೆ ಮೇಷ್ಟ್ರು ಹೇಳಿದ ಅದೇ ಮಾರ್ಟೆನ್ಸೈಟ್ ಈ ಸಲ ರಿಪೇರಿಯ ಅಡಿಯಲ್ಲೇ ಹುಟ್ಟುತ್ತದೆ.

ಗಾಯ ಕೆಟ್ಟದಾಗಿದ್ದರೆ ಆ ತುಂಡನ್ನೇ ಕೊಯ್ದು ತೆಗೆಯುವುದು. ಹೊಸ ತುಂಡು ಇಟ್ಟು ಎರಡೂ ತುದಿಗೆ ಥರ್ಮಿಟ್ ಬೆಸುಗೆ. ಅಲ್ಯೂಮಿನಿಯಂ ಪುಡಿಯೂ ಕಬ್ಬಿಣದ ಆಕ್ಸೈಡೂ ಸೇರಿ ಉರಿದು, 2000 ಡಿಗ್ರಿ ದಾಟಿದ ಉಕ್ಕು ಅಚ್ಚಿಗೆ ಇಳಿಯುತ್ತದೆ. ಜರ್ಮನಿಯ ಹಾನ್ಸ್ ಗೋಲ್ಡ್‌ಶ್ಮಿಟ್ 1890ರ ದಶಕದಲ್ಲಿ ಕಂಡುಹಿಡಿದದ್ದು, ಇವತ್ತಿಗೂ ಅದೇ. ಹಳಿಯ ಎಳೆತವನ್ನೂ ಮೊದಲಿನ ಹಾಗೆ ಸರಿಮಾಡಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲಿ ಡೊಂಕಾಗುತ್ತದೆ. ಎರಡು ಹಳಿಗೆ ನಾಲ್ಕು ಬೆಸುಗೆ, ಒಂದು ರಾತ್ರಿ, ಹತ್ತು ಹದಿನೈದು ಜನ. ಎಲ್ಲ ಆ ಹನ್ನೆರಡು ಸೆಕೆಂಡಿಗೆ.

ಗೇಟ್‌ಪಕ್ಕ ಅವರೇ, ಆ ಗುಂಡಿ ವಿಷಯ ಗೇಟ್‌ಮನ್‌ಗೆ ಹೇಳಿ. ಪಕ್ಕದ ಕಂಬದ ನಂಬರ್ ಕೊಟ್ಟರೆ ಸಾಕು.

ಗೇಟ್‌ಪಕ್ಕ

ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು, ಬರೆದುಕೊಂಡು ಹೋಗಿದ್ದಾರೆ ಅಂದರು.

ಗೇಟ್‌ಪಕ್ಕ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ಬೆಳಗ್ಗೆ ನೋಡಿದರೆ ಎರಡೂ ಕಡೆ ಹೊಸ ಹಳಿ ತುಂಡು! ಮೇಲ್ಮೈ ಇನ್ನೂ ಕಂದು ಬಣ್ಣ, ನಡುವೆ ಮಾತ್ರ ಬೆರಳಗಲ ಹೊಳಪು ಬಂದಿದೆ. ಬೆಸುಗೆಯ ಪಕ್ಕ ನೀಲಿ ಕಲೆ, ಜಲ್ಲಿಯ ಮೇಲೆ ಅಚ್ಚಿನ ಚೂರುಗಳು ಬಿದ್ದಿವೆ. ಟಕ್ ಟಕ್ ಹೋಯಿತು. ಆದರೆ ಇಂಜಿನ್ ಹೋಗುವಾಗ ಧಡ್ ಅಂತ ಒಂದು ಮೆತ್ತನೆ ಸದ್ದು ಇನ್ನೂ ಇದೆ. ಹಳಿ ಸ್ವಲ್ಪ ಕೆಳಗೆ ಹೋಗಿ ಮೇಲೆ ಬಂದ ಹಾಗೆ ಕಾಣುತ್ತದೆ. ಇದೇನು?

ಜಲ್ಲಿ ಸುತ್ತಿಗೆ

ಹಳಿ ಹೊಸದು, ಕೆಳಗಿನ ಟೊಳ್ಳು ಹಳೆಯದು. ಜಲ್ಲಿ ಇನ್ನೂ ಪ್ಯಾಕ್ ಮಾಡಿಲ್ಲ. ಯಂತ್ರ ಬರುವವರೆಗೆ ಕೈಯಲ್ಲೇ ಒಂದೆರಡು ಸಲ ಪ್ಯಾಕ್ ಮಾಡುತ್ತಾರೆ, ಅದೂ ನಿಲ್ಲುತ್ತದೆ. ಪುಡಿಯಾದ ಜಲ್ಲಿ ಜಾಸ್ತಿ ಇದ್ದರೆ ಅಗೆದು ಬದಲಾಯಿಸಬೇಕು. ಮೊದಲ ಮಳೆಗೆ ಅಲ್ಲಿ ಬಿಳಿ ಕೆಸರು ಬರುತ್ತಾ ನೋಡಿ ಹೇಳಿ.